ಅಳಿಸಿಹೋದ ಇಪ್ಪತ್ತು ವರ್ಷ: ಸ್ಪೈಡರ್‌ಮ್ಯಾನ್ ಮದುವೆಯ ಪ್ರಕರಣ

ಪೀಟರ್ ಪಾರ್ಕರ್, ಅಂದರೆ ಸ್ಪೈಡರ್‌ಮ್ಯಾನ್, ಬೆಳಿಗ್ಗೆ ಕಣ್ಣು ಬಿಡುತ್ತಾನೆ. ಹಾಸಿಗೆಯಲ್ಲಿ ಅವನೊಬ್ಬನೇ. ಮಲಗಿರುವುದು ದೊಡ್ಡಮ್ಮ ಮೇ ಮನೆಯಲ್ಲಿ. ಹಿಂದಿನ ರಾತ್ರಿ ಸಾವಿನ ಬಾಗಿಲಲ್ಲಿದ್ದ ದೊಡ್ಡಮ್ಮ ಈಗ ಆರಾಮಾಗಿ ಓಡಾಡಿಕೊಂಡಿದ್ದಾಳೆ. ಪೀಟರ್ ಒಂದು ಪಾರ್ಟಿಗೆ ಹೋಗುತ್ತಾನೆ. ಅಲ್ಲಿ ಹಳೆಯ ಗೆಳೆಯ ಹ್ಯಾರಿ ಆಸ್ಬಾರ್ನ್ ನಗುತ್ತಾ ನಿಂತಿದ್ದಾನೆ. ಆ ಹ್ಯಾರಿ 1993ರ ಸಂಚಿಕೆಯೊಂದರಲ್ಲಿ ಸತ್ತುಹೋಗಿದ್ದ. ಮೇರಿ ಜೇನ್ ಕೂಡ ಅದೇ ಪಾರ್ಟಿಗೆ ಬಂದಿದ್ದಳು, ಆದರೆ ಅವನ ಜೊತೆ ನಿಲ್ಲದೆ ಹೊರಟುಹೋಗುತ್ತಾಳೆ. ಅವಳು ತನ್ನ ಹೆಂಡತಿಯಾಗಿದ್ದಳು ಅನ್ನುವುದು ಪೀಟರ್‌ಗೆ ಗೊತ್ತೇ ಇಲ್ಲ. ಕೊನೆಯ ಪುಟದಲ್ಲಿ ಎಲ್ಲರೂ ಗ್ಲಾಸ್ ಎತ್ತಿ ಹೊಸ ದಿನಕ್ಕೆ ಶುಭ ಕೋರುತ್ತಾರೆ.

ಇದು 'ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್' ಮಾಲಿಕೆಯ 545ನೇ ಸಂಚಿಕೆ. 2007ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಅಂಗಡಿಗಳಿಗೆ ಬಂತು. 1987ರಲ್ಲಿ ಆಗಿದ್ದ ಮದುವೆ, ಅದರ ಜೊತೆಗಿನ ಇಪ್ಪತ್ತು ವರ್ಷ, ಇದೊಂದು ಸಂಚಿಕೆಯಲ್ಲಿ ಇಲ್ಲವಾಯಿತು. ಡೈವೋರ್ಸ್ ಆಗಲಿಲ್ಲ. ಸಾವೂ ಆಗಲಿಲ್ಲ. ಮದುವೆ ನಡೆದೇ ಇರಲಿಲ್ಲ ಅಂತ ಮಾಡಿಬಿಟ್ಟರು.

ಕಾಮಿಕ್ಸ್ ಓದುವವರ ನಡುವೆ ಇಂಥ ಕೆಲಸಕ್ಕೆ 'ರೆಟ್‌ಕಾನ್' ಅಂತಾರೆ. ಹಿಂದೆ ನಡೆದದ್ದನ್ನು ಈಗ ಕೂತು ತಿದ್ದುವುದು. ರೆಟ್‌ಕಾನ್ ಹೊಸದೇನಲ್ಲ, ಎಲ್ಲಾ ಪ್ರಕಾಶಕರೂ ಮಾಡುತ್ತಾರೆ, ಕೆಲವು ಚೆನ್ನಾಗಿಯೂ ಇರುತ್ತವೆ. ಆದರೆ ಹಳೆಯ ಹೀರೋಗಳನ್ನು ಪ್ರಕಾಶಕರು ನಡೆಸಿಕೊಳ್ಳುವ ರೀತಿಗೆ ಓದುಗರು ಯಾಕೆ ಇಷ್ಟು ನೊಂದುಕೊಳ್ಳುತ್ತಾರೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಪ್ರಕರಣವನ್ನೇ. ಇದರಲ್ಲಿ ಎಲ್ಲವೂ ಕಣ್ಣಿಗೆ ಕಾಣುವಂತೆ ನಡೆದಿದೆ.

ಮೇರಿ ಜೇನ್ ಮುಚ್ಚಿದ ಬಾಗಿಲು

ಸ್ಪೈಡರ್‌ಮ್ಯಾನ್ ಹುಟ್ಟಿದ್ದು 1962ರಲ್ಲಿ. ಸ್ಟ್ಯಾನ್ ಲೀ ಬರೆದರು, ಸ್ಟೀವ್ ಡಿಟ್ಕೊ ಚಿತ್ರ ಬಿಡಿಸಿದರು. ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿರುವ ಒಬ್ಬ ಬಡ ಹುಡುಗ. ಅಪ್ಪ ಅಮ್ಮ ಇಲ್ಲ. ದೊಡ್ಡಪ್ಪ ಬೆನ್, ದೊಡ್ಡಮ್ಮ ಮೇ ಸಾಕುತ್ತಾರೆ. ತಾನು ಹಿಡಿಯಬಹುದಾಗಿದ್ದ ಒಬ್ಬ ಕಳ್ಳನನ್ನು ನನಗೇಕೆ ಅಂತ ಬಿಟ್ಟುಬಿಡುತ್ತಾನೆ. ಅದೇ ಕಳ್ಳ ಬೆನ್‌ನನ್ನು ಕೊಲ್ಲುತ್ತಾನೆ. ಶಕ್ತಿ ದೊಡ್ಡದಾದಷ್ಟೂ ಹೊಣೆಯೂ ದೊಡ್ಡದು ಅನ್ನುವ ಪಾಠ ಆ ಹುಡುಗನಿಗೆ ಸಿಗುವುದು ಅಲ್ಲಿಂದ. ಈ ಪಾತ್ರದ ಬೆನ್ನೆಲುಬೇ ಅದು.

ಈ ಹುಡುಗ ಬೆಳೆಯುತ್ತಿದ್ದ. ಅದು ಆ ಕಾಲಕ್ಕೆ ಅಪರೂಪ. ಹೈಸ್ಕೂಲ್ ಮುಗಿಸಿದ, ಕಾಲೇಜಿಗೆ ಸೇರಿದ, ಪ್ರೀತಿಸಿದ. 1966ರಲ್ಲಿ, 42ನೇ ಸಂಚಿಕೆಯ ಕೊನೆಯ ಚಿತ್ರದಲ್ಲಿ, ಜಾನ್ ರೊಮಿಟಾ ಬಿಡಿಸಿದ ಮೇರಿ ಜೇನ್ ವಾಟ್ಸನ್ ಬಾಗಿಲಲ್ಲಿ ನಿಂತು ಮೊದಲ ಬಾರಿ ಮುಖ ತೋರಿಸಿದಳು. ನಗುವ, ಕುಣಿಯುವ, ಯಾವುದನ್ನೂ ತಲೆಗೆ ಹಚ್ಚಿಕೊಳ್ಳದ ಹುಡುಗಿ. ಆದರೆ ಪೀಟರ್ ಪ್ರೀತಿಸುತ್ತಿದ್ದದ್ದು ಗ್ವೆನ್ ಸ್ಟೇಸಿಯನ್ನು. 1973ರ 121ನೇ ಸಂಚಿಕೆಯಲ್ಲಿ ಗ್ವೆನ್ ಸತ್ತಳು. ಗೆರ್ರಿ ಕಾನ್ವೆ ಬರೆದ ಕಥೆ ಅದು. ನಾಯಕಿ ಹೀಗೆ ಸಾಯಬಹುದು ಅಂತ ಆಗಿನ ಓದುಗರು ಅಂದುಕೊಂಡೇ ಇರಲಿಲ್ಲ.

ಮುಂದಿನ ಸಂಚಿಕೆಯ ಕೊನೆಯನ್ನು ಇಲ್ಲಿ ಹೇಳಲೇಬೇಕು. ಪೀಟರ್ ಮನೆಗೆ ಬರುತ್ತಾನೆ. ಅಲ್ಲಿ ಮೇರಿ ಜೇನ್ ಕೂತಿದ್ದಾಳೆ. ಸಮಾಧಾನ ಹೇಳಲು ಬಂದರೆ ಅವನು ಅವಳ ಮೇಲೆ ಹರಿಹಾಯುತ್ತಾನೆ. ನಿನಗೆ ಯಾರ ಸಾವೂ ನೋವು ಕೊಡುವುದಿಲ್ಲ, ಹೋಗು ಇಲ್ಲಿಂದ, ಅನ್ನುವ ಧಾಟಿ. ಅವಳು ಅಳುತ್ತಾ ಬಾಗಿಲ ತನಕ ಹೋಗುತ್ತಾಳೆ. ಬಾಗಿಲು ತೆರೆಯುತ್ತಾಳೆ. ಒಂದು ಕ್ಷಣ ನಿಲ್ಲುತ್ತಾಳೆ. ಆಮೇಲೆ ಬಾಗಿಲು ಮುಚ್ಚುತ್ತಾಳೆ, ತಾನು ಒಳಗೇ ಉಳಿದುಕೊಂಡು. ಮಾತಿಲ್ಲ. ಬಾಗಿಲ ಚಿಲಕದ ಸದ್ದು ಅಷ್ಟೇ.

ಮದುವೆಗೆ ಇನ್ನೂ ಹದಿನಾಲ್ಕು ವರ್ಷ ಇತ್ತು. ಆದರೆ ನನ್ನ ಮಟ್ಟಿಗೆ ಇವರಿಬ್ಬರ ಸಂಬಂಧ ಶುರುವಾಗುವುದು ಅಲ್ಲಿಂದಲೇ. ಬೈಸಿಕೊಂಡರೂ ಬಿಟ್ಟು ಹೋಗದವಳು ಅವಳು.

ಮದುವೆಯೂ ಮೇಲಿಂದಲೇ ಬಂದದ್ದು

ಈ ಮದುವೆ ಓದುಗರು ಕೇಳಿ ಪಡೆದದ್ದೂ ಅಲ್ಲ, ಬರಹಗಾರರು ವರ್ಷಗಟ್ಟಲೆ ಯೋಚಿಸಿ ಕಟ್ಟಿದ್ದೂ ಅಲ್ಲ. ಸ್ಟ್ಯಾನ್ ಲೀ ಆಗ ದಿನಪತ್ರಿಕೆಗಳಿಗೆ ಸ್ಪೈಡರ್‌ಮ್ಯಾನ್ ಸ್ಟ್ರಿಪ್, ಅಂದರೆ ದಿನವೂ ಕೆಲವೇ ಚಿತ್ರಗಳಲ್ಲಿ ಬರುವ ಕಥೆ, ಬರೆಯುತ್ತಿದ್ದರು. ಅದರಲ್ಲಿ ಇಬ್ಬರಿಗೂ ಮದುವೆ ಮಾಡಿಸುವ ಯೋಚನೆ ಬಂತು. ಸ್ಪೈಡರ್‌ಮ್ಯಾನ್ ಕಾಮಿಕ್ಸ್ ಪ್ರಕಟಿಸುವ ಮಾರ್ವೆಲ್ ಕಂಪನಿಯ ಆಗಿನ ಪ್ರಧಾನ ಸಂಪಾದಕ ಜಿಮ್ ಶೂಟರ್, ಹಾಗಿದ್ದರೆ ಕಾಮಿಕ್ ಪುಸ್ತಕದಲ್ಲೂ ಅದೇ ಹೊತ್ತಿಗೆ ಆಗಲಿ ಅಂದರು. 290ನೇ ಸಂಚಿಕೆಯಲ್ಲಿ ಪೀಟರ್ ಕೇಳುತ್ತಾನೆ, 292ರಲ್ಲಿ ಅವಳು ಒಪ್ಪುತ್ತಾಳೆ, 1987ರ ವಾರ್ಷಿಕ ಸಂಚಿಕೆಯಲ್ಲಿ ಮದುವೆ. ಅಷ್ಟು ಅವಸರ. ಆ ಸಂಚಿಕೆಗೆ ಎರಡು ಬಗೆಯ ಮುಖಪುಟ ಬಂತು. ಒಂದರಲ್ಲಿ ಪೀಟರ್ ಸೂಟು ತೊಟ್ಟ ಮದುಮಗ, ಇನ್ನೊಂದರಲ್ಲಿ ಜೇಡನ ವೇಷದಲ್ಲೇ ನಿಂತಿದ್ದಾನೆ. 1987ರ ಜೂನ್ 5ರಂದು ನ್ಯೂಯಾರ್ಕ್‌ನ ಶೇ ಸ್ಟೇಡಿಯಂನಲ್ಲಿ, ಬೇಸ್‌ಬಾಲ್ ಪಂದ್ಯಕ್ಕೆ ಮುಂಚೆ, ನಟನಟಿಯರನ್ನು ನಿಲ್ಲಿಸಿ ಮದುವೆ ಮಾಡಿಸಿದರು. ಪೌರೋಹಿತ್ಯ ಸ್ಟ್ಯಾನ್ ಲೀ ಅವರದ್ದೇ.

ಪ್ರಚಾರಕ್ಕೆ ಮಾಡಿದ ಮದುವೆ ಅಂತ ಯಾರಾದರೂ ಅಂದರೆ ನಾನು ಒಪ್ಪುತ್ತೇನೆ. ಆದರೆ ಆಮೇಲೆ ಏನಾಯಿತು ನೋಡಿ. ಒಂದಾದ ಮೇಲೊಂದು ಸಂಚಿಕೆ ಬಂತು. 1988ರಲ್ಲಿ ವೆನಮ್ ಅನ್ನುವ ಖಳನಾಯಕ ಬಂದ. 299ನೇ ಸಂಚಿಕೆಯ ಕೊನೆಯಲ್ಲಿ ಮೇರಿ ಜೇನ್ ಕತ್ತಲೆ ಮನೆಯೊಳಗೆ ಕಾಲಿಡುತ್ತಾಳೆ. ಮೂಲೆಯಲ್ಲಿ ಕಪ್ಪು ವೇಷದ ಆಕಾರ. ಗಂಡ ಅಂದುಕೊಂಡರೆ ಗಂಡ ಅಲ್ಲ. ಟಾಡ್ ಮೆಕ್‌ಫಾರ್ಲೇನ್ ಚಿತ್ರ. ಆ ಪುಟ ಮೈ ಜುಮ್ಮೆನ್ನಿಸುವುದು ಯಾಕೆ? ಆ ಮನೆ ಅವರಿಬ್ಬರದ್ದು ಅಂತ ಓದುಗನಿಗೆ ಆಗಲೇ ನಂಬಿಕೆ ಬಂದುಬಿಟ್ಟಿತ್ತು, ಅದಕ್ಕೆ. 1990ರಲ್ಲಿ ಮೆಕ್‌ಫಾರ್ಲೇನ್ ಅವರದೇ ಹೊಸ ಮಾಲಿಕೆಯ ಮೊದಲ ಸಂಚಿಕೆ 20 ಲಕ್ಷಕ್ಕೂ ಜಾಸ್ತಿ ಪ್ರತಿ ಮಾರಾಟವಾಯಿತು. ಒಬ್ಬೊಬ್ಬರೇ ಹಲವು ಪ್ರತಿ ಕೊಂಡು ಇಟ್ಟುಕೊಳ್ಳುತ್ತಿದ್ದ ಕಾಲ ಅದು, ಆ ಲೆಕ್ಕ ಬಿಡಬಾರದು. ಆದರೂ ಆ ಪುಸ್ತಕದ ಪೀಟರ್ ಮದುವೆಯಾದವನೇ ಆಗಿದ್ದ.

ಕಂಪನಿ ಅವಸರದಲ್ಲಿ ಮಾಡಿದ್ದನ್ನು ಬರಹಗಾರರು ಮತ್ತು ಓದುಗರು ಸೇರಿ ನಿಜ ಮಾಡಿದರು. ಬಾಡಿಗೆ ಕಟ್ಟುವ ಚಿಂತೆ, ರಾತ್ರಿ ಕಿಟಕಿಯ ಹತ್ತಿರ ಕಾಯುವ ಹೆಂಡತಿ, ಗಾಯ ಮಾಡಿಕೊಂಡು ಬರುವ ಗಂಡ. ಹದಿನೈದನೇ ವಯಸ್ಸಿಗೆ ಓದಲು ಶುರು ಮಾಡಿದ ಹುಡುಗನಿಗೆ ಇಪ್ಪತ್ತು ವರ್ಷದಲ್ಲಿ ಮದುವೆಯಾಗಿ ಮಕ್ಕಳಾಗುವಷ್ಟು ಸಮಯ ಅದು. ಅಷ್ಟು ಕಾಲ ಜೊತೆಗಿದ್ದದ್ದನ್ನು ಸುಮ್ನೆ 'ಒಂದು ಪ್ಲಾಟ್' ಅನ್ನಲಿಕ್ಕಾಗುತ್ತದಾ?

ಮುಂಚೆಯೂ ಪ್ರಯತ್ನಪಟ್ಟಿದ್ದರು

ಸಂಪಾದಕರಿಗೆ ಮಾತ್ರ ಈ ಮದುವೆ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. 1994ರಿಂದ 96ರ ತನಕ 'ಕ್ಲೋನ್ ಸಾಗಾ' ನಡೆಯಿತು. ಇಷ್ಟು ವರ್ಷ ನೀವು ಓದಿದ ಪೀಟರ್ ಅಸಲಿ ಅಲ್ಲ, ಅವನೊಬ್ಬ ಕ್ಲೋನ್, ಅಂದರೆ ತದ್ರೂಪಿ, ಬೆನ್ ರೈಲಿ ಅನ್ನುವವನೇ ನಿಜವಾದ ಪೀಟರ್ ಅಂತ ಹೇಳಿದರು. ಬೆನ್ ರೈಲಿಗೆ ಮದುವೆ ಆಗಿರಲಿಲ್ಲ, ನೋಡಿ. ಓದುಗರು ತಿರುಗಿ ಬಿದ್ದರು. ಕಥೆ ಎಳೆದೂ ಎಳೆದೂ ಕೊನೆಗೆ ಇವನೇ ಅಸಲಿ ಅಂತ ಒಪ್ಪಿಕೊಂಡರು. ಆ ಗಲಾಟೆಯಲ್ಲಿ ಮೇರಿ ಜೇನ್ ಹೊಟ್ಟೆಯಲ್ಲಿದ್ದ ಮಗು ಕಳೆದುಹೋಯಿತು. ಮಗು ಇದ್ದರೆ ಪೀಟರ್‌ಗೆ ವಯಸ್ಸಾದಂತೆ ಕಾಣುತ್ತದೆ ಅನ್ನುವುದೇ ಸಂಪಾದಕರ ಚಿಂತೆ. 2000ದಲ್ಲಿ ವಿಮಾನ ಸ್ಫೋಟದಲ್ಲಿ ಮೇರಿ ಜೇನ್ ಸತ್ತಳು ಅಂದರು. ಅದೂ ನಿಲ್ಲಲಿಲ್ಲ, ಬದುಕಿ ಬಂದಳು.

ಇದೇ ಕಾಲದ ಇನ್ನೊಂದು ಸಂಗತಿ ನನಗೆ ತುಂಬಾ ಮುಖ್ಯ. 1995ರಲ್ಲಿ 400ನೇ ಸಂಚಿಕೆಯಲ್ಲಿ ದೊಡ್ಡಮ್ಮ ಮೇ ತೀರಿಕೊಂಡಿದ್ದಳು. ಜೆ. ಎಂ. ಡಿಮ್ಯಾಟಿಸ್ ಬರೆದ ಆ ಕಥೆಯಲ್ಲಿ ಅವಳು ಪೀಟರ್‌ಗೆ, ನೀನು ಯಾರು ಅಂತ ನನಗೆ ಗೊತ್ತಿತ್ತು ಅಂತ ಹೇಳಿ, ನೆಮ್ಮದಿಯಿಂದ ಕಣ್ಣು ಮುಚ್ಚುತ್ತಾಳೆ. ಪೀಟರ್ ಅವಳನ್ನು ಹೋಗಲು ಬಿಡುತ್ತಾನೆ. ಅಷ್ಟು ಚೆಂದದ ಸಾವನ್ನು 1998ರಲ್ಲಿ ವಾಪಸ್ ತೆಗೆದುಕೊಂಡರು. ಸತ್ತದ್ದು ಮೇ ಅಲ್ಲವಂತೆ, ಅವಳ ವೇಷ ಹಾಕಿದ್ದ ಯಾರೋ ನಟಿಯಂತೆ.

ಆಮೇಲೆ 2001ರಲ್ಲಿ ಜೆ. ಮೈಕಲ್ ಸ್ಟ್ರಾಸಿನ್‌ಸ್ಕಿ ಬರೆಯಲು ಬಂದರು. ಅವರ ಕೈಯಲ್ಲಿ ಇಡೀ ಮನೆಗೆ ಮತ್ತೆ ಜೀವ ಬಂತು. ಮೈಯೆಲ್ಲ ಗಾಯವಾಗಿ, ಹರಿದ ವೇಷದಲ್ಲೇ ಮಲಗಿದ್ದ ಪೀಟರ್‌ನನ್ನು ಮೇ ಕಣ್ಣಾರೆ ನೋಡುತ್ತಾಳೆ. 2002ರ ಒಂದು ಸಂಚಿಕೆಯ ತುಂಬಾ ಅವರಿಬ್ಬರೂ ಕೂತು ಮಾತಾಡುತ್ತಾರೆ. ಹೊಡೆದಾಟ ಇಲ್ಲ, ಖಳನಾಯಕ ಇಲ್ಲ. ಬೆನ್ ಸತ್ತದ್ದು ತನ್ನಿಂದ ಅಂತ ಇವನು ಅಳುತ್ತಾನೆ. ಅಲ್ಲ, ತನ್ನಿಂದ ಅಂತ ಅವಳು ಹೇಳುತ್ತಾಳೆ, ಅವತ್ತು ತಾವಿಬ್ಬರೂ ಜಗಳವಾಡಿಕೊಂಡಿದ್ದನ್ನು ನೆನೆಯುತ್ತಾಳೆ. ನಲವತ್ತು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಹೊತ್ತುಕೊಂಡಿದ್ದ ಭಾರ ಅದು. ನಾನು ಓದಿದ ಸ್ಪೈಡರ್‌ಮ್ಯಾನ್ ಕಥೆಗಳಲ್ಲಿ ಅದಕ್ಕಿಂತ ಒಳ್ಳೆಯದು ಕಡಿಮೆ.

2003ರಲ್ಲಿ, ದೂರವಾಗಿದ್ದ ಗಂಡ ಹೆಂಡತಿ ಮತ್ತೆ ಒಂದಾದರು. ಅದನ್ನೂ ಬರೆದದ್ದು ಸ್ಟ್ರಾಸಿನ್‌ಸ್ಕಿಯವರೇ.

ಒಪ್ಪಂದ

2006ರ 'ಸಿವಿಲ್ ವಾರ್' ಕಥೆಯಲ್ಲಿ ಪೀಟರ್ ಕ್ಯಾಮೆರಾಗಳ ಮುಂದೆ ಮುಖವಾಡ ತೆಗೆದ. ಸ್ಪೈಡರ್‌ಮ್ಯಾನ್ ಯಾರು ಅನ್ನುವ ಗುಟ್ಟು ಜಗತ್ತಿಗೆಲ್ಲ ಗೊತ್ತಾಯಿತು. ಜೈಲಿನಲ್ಲಿದ್ದ ಭೂಗತ ದೊರೆ ಕಿಂಗ್‌ಪಿನ್ ಅವನನ್ನು ಕೊಲ್ಲಿಸಲು ಬಂದೂಕಿನವನನ್ನು ಕಳಿಸಿದ. ಗುಂಡು ಬಿದ್ದದ್ದು ಮೇಗೆ. 2007ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ತನಕ ನಾಲ್ಕು ಸಂಚಿಕೆಗಳಲ್ಲಿ ಬಂದ 'ಒನ್ ಮೋರ್ ಡೇ' ಶುರುವಾಗುವುದು ಇಲ್ಲಿಂದ. ಮೊದಲು ಹೇಳಿದ 545 ಅದರ ಕೊನೆಯ ಸಂಚಿಕೆ. ಬರೆದದ್ದು ಸ್ಟ್ರಾಸಿನ್‌ಸ್ಕಿ. ಚಿತ್ರ ಜೋ ಕೆಸಾಡಾ ಅವರದ್ದು. ಕೆಸಾಡಾ ಆಗ ಮಾರ್ವೆಲ್‌ನ ಪ್ರಧಾನ ಸಂಪಾದಕರೂ ಹೌದು. ಮದುವೆ ಬೇಡ ಅನ್ನುವುದು ಅವರ ಬಹುಕಾಲದ ಅಭಿಪ್ರಾಯ. ಅದನ್ನು ಅವರು ಮುಚ್ಚಿಟ್ಟಿರಲೂ ಇಲ್ಲ.

ಪೀಟರ್ ಐರನ್‌ಮ್ಯಾನ್ ಆದ ಟೋನಿ ಸ್ಟಾರ್ಕ್ ಹತ್ತಿರ ಹೋಗುತ್ತಾನೆ. ಮಾಂತ್ರಿಕ ಡಾಕ್ಟರ್ ಸ್ಟ್ರೇಂಜ್ ಹತ್ತಿರ ಹೋಗುತ್ತಾನೆ. ಮೇ ಉಳಿಯುವುದಿಲ್ಲ ಅನ್ನುವುದೇ ಎಲ್ಲರ ಉತ್ತರ. ಆಗ ಮೆಫಿಸ್ಟೊ ಬರುತ್ತಾನೆ. ಮಾರ್ವೆಲ್ ಜಗತ್ತಿನ ಸೈತಾನ ಅನ್ನಬಹುದು. ಅವನಿಗೆ ಆತ್ಮ ಬೇಡ. ಮದುವೆ ಬೇಕು. ದೇವರ ಕಣ್ಣಲ್ಲಿ ಇಷ್ಟು ಶುದ್ಧವಾದ ಪ್ರೀತಿ ಅಪರೂಪ, ಅದನ್ನೇ ಕೊಡಿ, ಮೇ ಬದುಕುತ್ತಾಳೆ, ಮದುವೆಯಾಗಿದ್ದು ನಿಮಗೆ ನೆನಪೇ ಇರುವುದಿಲ್ಲ ಅನ್ನುತ್ತಾನೆ. ದಾರಿಯಲ್ಲಿ ಪೀಟರ್‌ಗೆ ಕೆಂಪು ಕೂದಲಿನ ಪುಟ್ಟ ಹುಡುಗಿಯೊಬ್ಬಳು ಸಿಕ್ಕಿರುತ್ತಾಳೆ. ಅವಳು ಇವರಿಗೆ ಹುಟ್ಟಬೇಕಾಗಿದ್ದ ಮಗಳು, ಇನ್ನು ಹುಟ್ಟುವುದಿಲ್ಲ ಅಂತ ಕೊನೆಗೆ ಗೊತ್ತಾಗುತ್ತದೆ. ಗಂಡ ಹೆಂಡತಿ ಒಪ್ಪುತ್ತಾರೆ. ಮಧ್ಯರಾತ್ರಿ ಆಗುವ ತನಕ ಒಬ್ಬರನ್ನೊಬ್ಬರು ಹಿಡಿದುಕೊಂಡು ಕೂರುತ್ತಾರೆ.

ಸಾವಿತ್ರಿಯ ಕಥೆ ಕೇಳಿ ಬೆಳೆದ ನಮಗೆ ಸಾವಿನ ಎದುರು ನಿಂತು ಚೌಕಾಸಿ ಮಾಡುವುದು ಹೊಸದಲ್ಲ. ಆದರೆ ಸಾವಿತ್ರಿ ತನ್ನ ಬುದ್ಧಿಯಿಂದ ಗೆಲ್ಲುತ್ತಾಳೆ, ಏನನ್ನೂ ಬಿಟ್ಟುಕೊಡದೆ ಗಂಡನನ್ನು ಕರೆತರುತ್ತಾಳೆ. ಪೀಟರ್ ಕೇಳಿದ್ದನ್ನು ಕೊಟ್ಟುಬಿಟ್ಟ, ಅದೂ ಸೈತಾನನಿಗೆ.

ಓದುಗರ ಸಿಟ್ಟಿನ ನಿಜವಾದ ಬೇರು ಇಲ್ಲಿದೆ. ಮದುವೆ ಹೋಯಿತು ಅನ್ನುವುದು ಒಂದು ನೋವು. ಅದಕ್ಕಿಂತ ದೊಡ್ಡದು, ಇದನ್ನು ಮಾಡಿದವನು ಪೀಟರ್ ಪಾರ್ಕರ್ ಅನ್ನುವುದು. ತನ್ನ ತಪ್ಪಿನ ಹೊಣೆ ಹೊತ್ತು ಬದುಕುವವನು ಅವನು. ಅದಕ್ಕೇ ಅಲ್ವಾ ನಾವು ಅವನನ್ನು ಪ್ರೀತಿಸಿದ್ದು? ಮುಖವಾಡ ತೆಗೆದದ್ದು ಅವನ ನಿರ್ಧಾರ. ಅದರ ಬೆಲೆ ತೆರುವ ಹೊತ್ತಿಗೆ ಎಲ್ಲ ಮರೆತುಹೋಗುವ ದಾರಿ ಹಿಡಿದ. ಮೇಗೆ ಒಂದು ಮಾತು ಕೇಳಿದ್ದರೆ ಏನಂತಿದ್ದಳು? 400ನೇ ಸಂಚಿಕೆ ಓದಿದವರಿಗೆ ಉತ್ತರ ಗೊತ್ತು. ಅವಳು ಸಾಯಲು ಹೆದರಿದವಳಲ್ಲ.

ಇನ್ನೊಂದು ಗಾಯದ ಬಗ್ಗೆ ಕಡಿಮೆ ಜನ ಮಾತಾಡುತ್ತಾರೆ. ಒಪ್ಪಂದದ ನಂತರ ಪೀಟರ್‌ನೇ ಸ್ಪೈಡರ್‌ಮ್ಯಾನ್ ಅನ್ನುವ ಗುಟ್ಟೂ ಮತ್ತೆ ಗುಟ್ಟಾಯಿತು, ಅದರ ಜೊತೆ ಮೇ ಮನಸ್ಸಿನಿಂದಲೂ ಅದು ಅಳಿಸಿಹೋಯಿತು. 2002ರಲ್ಲಿ ಅವರಿಬ್ಬರೂ ಕೂತು ಅತ್ತು ಹಗುರಾದ ಆ ಮಾತುಕತೆ ಅವಳಿಗೆ ನೆನಪಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಬರೆದವರೇ ಇದನ್ನು ಪೂರ್ತಿ ಒಪ್ಪಿರಲಿಲ್ಲ. ಕೊನೆಯ ಎರಡು ಸಂಚಿಕೆಗಳಿಂದ ತನ್ನ ಹೆಸರು ತೆಗೆಯಿರಿ ಅಂತ ಕೇಳುವ ಹಂತಕ್ಕೆ ಹೋಗಿದ್ದೆ ಅಂತ ಸ್ಟ್ರಾಸಿನ್‌ಸ್ಕಿ ಬಹಿರಂಗವಾಗಿಯೇ ಹೇಳಿದರು. ಕೆಸಾಡಾ ಮಾತಾಡಿ ಹೆಸರು ಉಳಿಸಿಕೊಂಡರು. ಹಿಂದಿನ ಘಟನೆಯನ್ನು ಬದಲಾಯಿಸುವುದಾದರೆ ಎಲ್ಲಿ, ಹೇಗೆ ಬದಲಾಯಿತು ಅಂತ ಸರಿಯಾಗಿ ತೋರಿಸಬೇಕು ಅನ್ನುವುದು ಅವರ ವಾದ. ಮಾರ್ವೆಲ್‌ಗೆ ಅದು ಬೇಡವಾಗಿತ್ತು. ಹಳೆಯ ಕಥೆಗಳೆಲ್ಲ ನಡೆದಿವೆ, ಮದುವೆ ಒಂದು ನಡೆದಿಲ್ಲ, ಇಬ್ಬರೂ ಸುಮ್ನೆ ಒಟ್ಟಿಗಿದ್ದರು ಅಷ್ಟೇ ಅಂದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮದುವೆಯೊಂದನ್ನೇ ಎಳೆದು ತೆಗೆಯಬಹುದು ಅಂದುಕೊಂಡರು. ಇಪ್ಪತ್ತು ವರ್ಷದ ಕಥೆಯಲ್ಲಿ ಮದುವೆ ಕೂದಲಲ್ಲ. ಅದು ಬೆಣ್ಣೆಯೇ.

ಪ್ರಕಾಶಕರ ವಾದ

ಅವರ ಕಡೆಯ ಮಾತನ್ನೂ ಪ್ರಾಮಾಣಿಕವಾಗಿ ಕೇಳಬೇಕು. ಸ್ಪೈಡರ್‌ಮ್ಯಾನ್ ಯುವಕನಾಗಿರಬೇಕು ಅನ್ನುವುದು ಕೆಸಾಡಾ ವಾದ. ಮದುವೆ ಅವನನ್ನು ದೊಡ್ಡವನನ್ನಾಗಿ ಮಾಡುತ್ತದೆ, ಡೈವೋರ್ಸ್ ಆದರೆ ಅಥವಾ ಹೆಂಡತಿ ಸತ್ತರೆ ಇನ್ನೂ ಜಾಸ್ತಿ ದೊಡ್ಡವನಾಗುತ್ತಾನೆ. ಹಾಗಾಗಿ ಮದುವೆ ಆಗೇ ಇಲ್ಲ ಅನ್ನುವುದೊಂದೇ ದಾರಿ. ಹೊಸ ಓದುಗರು ಬರಬೇಕು, ಅವರಿಗೆ ಕಾಲೇಜು ಮುಗಿಸಿ ಪರದಾಡುವ ಹುಡುಗ ಹತ್ತಿರವಾಗುತ್ತಾನೆ.

ಇದರಲ್ಲಿ ವ್ಯಾಪಾರದ ತರ್ಕ ಇದೆ. ಪಾತ್ರದ ಹಕ್ಕು ಕಂಪನಿಯದ್ದು, ಬರೆದವರದ್ದಲ್ಲ. ಸಿನಿಮಾ, ಆಟಿಕೆ, ಟೀ ಶರ್ಟ್ ಎಲ್ಲದರಲ್ಲೂ ಪೀಟರ್ ಒಂದೇ ಥರ ಕಾಣಬೇಕು. 2009ರಲ್ಲಿ ಡಿಸ್ನಿ ಸುಮಾರು 400 ಕೋಟಿ ಡಾಲರ್‌ಗೆ ಮಾರ್ವೆಲ್ ಕೊಳ್ಳಲು ಮುಂದಾಯಿತು ಅಂದರೆ ಈ ಪಾತ್ರಗಳು ಎಂಥ ಆಸ್ತಿ ಅಂತ ಗೊತ್ತಾಗುತ್ತದೆ. ಆಸ್ತಿಗೆ ವಯಸ್ಸಾಗಬಾರದು. ಆದರೆ ಅರವತ್ತರ ದಶಕದಲ್ಲಿ ಸ್ಪೈಡರ್‌ಮ್ಯಾನ್ ಗೆದ್ದದ್ದೇ ಅವನಿಗೆ ವಯಸ್ಸಾಗುತ್ತಿತ್ತು ಅಂತ.

ಒಪ್ಪಂದದ ನಂತರ 2008ರಲ್ಲಿ 'ಬ್ರಾಂಡ್ ನ್ಯೂ ಡೇ' ಶುರುವಾಯಿತು. ತಿಂಗಳಿಗೆ ಮೂರು ಸಂಚಿಕೆ, ಹಲವು ಬರಹಗಾರರು ಸರದಿಯಲ್ಲಿ. ಅದರಲ್ಲಿ ಒಳ್ಳೆಯ ಕಥೆಗಳಿವೆ. ಮಿಸ್ಟರ್ ನೆಗೆಟಿವ್ ಅನ್ನುವ ಖಳನಾಯಕ ಆಗಲೇ ಹುಟ್ಟಿದ, ಮುಂದೆ 2018ರ ವಿಡಿಯೊ ಗೇಮ್‌ನಲ್ಲೂ ಬಂದ. ಆ ಕಥೆಗಳನ್ನು ಓದುವಾಗ ನನಗೆ ಬರುತ್ತಿದ್ದ ಪ್ರಶ್ನೆ ಒಂದೇ. ಇದರಲ್ಲಿ ಯಾವುದನ್ನು ಮದುವೆಯಾದ ಪೀಟರ್ ಇಟ್ಟುಕೊಂಡು ಬರೆಯಲು ಆಗುತ್ತಿರಲಿಲ್ಲ?

ಪತ್ರಿಕೆಯ ಸ್ಟ್ರಿಪ್‌ನಲ್ಲಿ ಆದದ್ದು

ಈ ಪ್ರಕರಣದ ಅತಿ ಉಪಯುಕ್ತ ಭಾಗ ಇದು. ಜಾಸ್ತಿ ಜನಕ್ಕೆ ಗೊತ್ತಿಲ್ಲ.

ದಿನಪತ್ರಿಕೆ ಸ್ಟ್ರಿಪ್‌ನಲ್ಲೂ ಪೀಟರ್‌ಗೆ 1987ರಲ್ಲೇ ಮದುವೆ ಆಗಿತ್ತು ಅಂದೆನಲ್ಲ. 2009ರ ಜನವರಿಯಲ್ಲಿ ಆ ಸ್ಟ್ರಿಪ್ ಕೂಡ ಇದ್ದಕ್ಕಿದ್ದಂತೆ ಬದಲಾಯಿತು. ಪೀಟರ್ ಮತ್ತೆ ಬ್ರಹ್ಮಚಾರಿ, ಕಾಲೇಜು ಹುಡುಗ. ಓದುಗರು ಒಪ್ಪಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಪೀಟರ್ ನಿದ್ದೆಯಿಂದ ಎದ್ದ. ಪಕ್ಕದಲ್ಲಿ ಮೇರಿ ಜೇನ್ ಇದ್ದಳು. ನಡುವಿನ ತಿಂಗಳುಗಳೆಲ್ಲ ಒಂದು ಕನಸು! ಆಮೇಲೆ 2019ರಲ್ಲಿ ಹೊಸ ಸ್ಟ್ರಿಪ್ ನಿಲ್ಲುವ ತನಕ ಅವರು ಗಂಡ ಹೆಂಡತಿಯಾಗಿಯೇ ಇದ್ದರು.

ಅದೇ ಪಾತ್ರ, ಅದೇ ಕಂಪನಿ, ಅದೇ ಪ್ರಯೋಗ. ಒಂದು ಕಡೆ ಐದು ತಿಂಗಳಲ್ಲಿ ತಪ್ಪು ಒಪ್ಪಿಕೊಂಡರು. ಇನ್ನೊಂದು ಕಡೆ ಇವತ್ತಿನವರೆಗೂ ಇಲ್ಲ. ವ್ಯತ್ಯಾಸ ಎಲ್ಲಿದೆ?

ನನಗೆ ಕಾಣುವ ಒಂದು ಕಾರಣ ಮಾರಾಟದ ರೀತಿ. ಪತ್ರಿಕೆಯ ಓದುಗ ದೂರಿದರೆ ಸಂಪಾದಕ ಸ್ಟ್ರಿಪ್ ನಿಲ್ಲಿಸಬಹುದು. ಕಾಮಿಕ್ ಪುಸ್ತಕ ಹಾಗಲ್ಲ. ಅಮೆರಿಕದಲ್ಲಿ ಅದು ಬಹುತೇಕ ಕಾಮಿಕ್ಸ್ ಅಂಗಡಿಗಳಲ್ಲೇ ಮಾರಾಟವಾಗುತ್ತದೆ. ಅಂಗಡಿಯವರು ತಿಂಗಳುಗಳ ಮುಂಚೆ ಆರ್ಡರ್ ಕೊಡುತ್ತಾರೆ. ಉಳಿದ ಪ್ರತಿ ಸಾಮಾನ್ಯವಾಗಿ ವಾಪಸ್ ಹೋಗುವುದಿಲ್ಲ. ಅಂದರೆ ಪ್ರಕಾಶಕರ ಪುಸ್ತಕದಲ್ಲಿ ಅಂಗಡಿ ಕೊಂಡರೆ ಅದೇ ಮಾರಾಟ. ಇನ್ನು ಹಳೆಯ ಓದುಗ ಮೂವತ್ತು ವರ್ಷದಿಂದ ಒಂದೂ ಸಂಚಿಕೆ ಬಿಡದೆ ಕೂಡಿಟ್ಟಿರುತ್ತಾನೆ. ಸಿಟ್ಟು ಬಂದರೂ ಸರಣಿ ಮುರಿಯಲು ಮನಸ್ಸು ಬರುವುದಿಲ್ಲ. ಅವನ ಸಿಟ್ಟೂ ಕುತೂಹಲವೂ ಲೆಕ್ಕದಲ್ಲಿ ಒಂದೇ ಥರ ಕಾಣುತ್ತವೆ. ಬೈಯುತ್ತಾ ಕೊಂಡವನೂ ಕೊಂಡವನೇ.

ಆಮೇಲಿನ ವರ್ಷಗಳು

2010ರಲ್ಲಿ 'ಒನ್ ಮೊಮೆಂಟ್ ಇನ್ ಟೈಮ್' ಬಂತು. ಮದುವೆಯ ದಿನ ಪೀಟರ್ ಒಬ್ಬ ಕಳ್ಳನ ಬೆನ್ನು ಹತ್ತಿ, ಪೆಟ್ಟು ತಿಂದು, ಪ್ರಜ್ಞೆ ತಪ್ಪಿ ಬಿದ್ದ, ಮದುವೆ ತಪ್ಪಿತು ಅಂತ ತೋರಿಸಿದರು. ನಾಲ್ಕು ಸಂಚಿಕೆ. ಇದನ್ನು ಓದಿ ಸಮಾಧಾನವಾದ ಯಾರನ್ನೂ ನಾನು ಕಂಡಿಲ್ಲ.

2012ರ ಕೊನೆಯಲ್ಲಿ 700ನೇ ಸಂಚಿಕೆ. ಹಳೆಯ ಶತ್ರು ಡಾಕ್ಟರ್ ಆಕ್ಟೋಪಸ್ ಪೀಟರ್‌ನ ದೇಹ ಸೇರಿಕೊಂಡ, ಪೀಟರ್ ಸತ್ತ. ಬರೆದ ಡಾನ್ ಸ್ಲಾಟ್‌ಗೆ ಕೊಲೆ ಬೆದರಿಕೆಗಳು ಬಂದವು. ಇದನ್ನು ಅಭಿಮಾನ ಅಂತ ಯಾರೂ ಕರೆಯಬಾರದು. ಒಂದು ಕಥೆಗಾಗಿ ಮನುಷ್ಯನೊಬ್ಬನನ್ನು ಹೆದರಿಸುವುದು ಅಪರಾಧ, ಅಷ್ಟೇ. ಅಂಥ ಕೆಲವರ ಕಾರಣಕ್ಕೆ ನ್ಯಾಯವಾದ ಬೇಸರ ಇರುವವರ ಮಾತನ್ನೂ ಕಂಪನಿಗಳು ಸುಲಭವಾಗಿ ತಳ್ಳಿಹಾಕುತ್ತವೆ. ನಮಗೆ ಇದರಿಂದ ಆದ ನಷ್ಟ ದೊಡ್ಡದು.

2018ರಲ್ಲಿ ನಿಕ್ ಸ್ಪೆನ್ಸರ್ ಬಂದು ಪೀಟರ್ ಮತ್ತು ಮೇರಿ ಜೇನ್‌ರನ್ನು ಪ್ರೇಮಿಗಳಾಗಿ ಮತ್ತೆ ಸೇರಿಸಿದರು. ಮೂರು ವರ್ಷ ಎಲ್ಲರೂ ಆಸೆಯಿಂದ ಕಾದರು. ಕಥೆಯಲ್ಲಿ ಮೆಫಿಸ್ಟೊ ಕೂಡ ಕಾಣಿಸಿಕೊಂಡ. ಮದುವೆ ಮಾತ್ರ ವಾಪಸ್ ಬರಲಿಲ್ಲ. 2022ರಲ್ಲಿ ಜೆಬ್ ವೆಲ್ಸ್ ಅವರ ಕಥೆ ಶುರುವಾದಾಗ ಮೇರಿ ಜೇನ್, ಪಾಲ್ ಅನ್ನುವ ಹೊಸ ಗಂಡಸಿನ ಜೊತೆ, ಎರಡು ಮಕ್ಕಳ ಜೊತೆ ಇದ್ದಳು. ಏನಾಯಿತು ಅಂತ ತಿಂಗಳುಗಟ್ಟಲೆ ಹೇಳಲಿಲ್ಲ. ಪಾಲ್‌ನಷ್ಟು ಓದುಗರ ಶಾಪಕ್ಕೆ ಗುರಿಯಾದ ಪಾತ್ರ ಇತ್ತೀಚೆಗೆ ಇನ್ನೊಂದಿಲ್ಲ. ಪಾಪ, ಆ ಪಾತ್ರದ ತಪ್ಪೇನಿಲ್ಲ. ಕಾದು ಕಾದು ಸಾಕಾದವರ ಮುಂದೆ ಅವನನ್ನು ತಂದು ನಿಲ್ಲಿಸಿದರು.

ನಮ್ಮ ಕಡೆಯ ಒಂದು ಮಾತು. 2004ರಲ್ಲಿ ಜೀವನ್ ಕಾಂಗ್ ಚಿತ್ರದಲ್ಲಿ 'ಸ್ಪೈಡರ್‌ಮ್ಯಾನ್: ಇಂಡಿಯಾ' ಬಂತು. ಮುಂಬೈ ಹುಡುಗ ಪವಿತ್ರ್ ಪ್ರಭಾಕರ್, ಮಾಯಾ ಆಂಟಿ, ಭೀಮ್ ಅಂಕಲ್. ಅದನ್ನು ತಂದ ಗೋಥಮ್ ಕಾಮಿಕ್ಸ್ ಮಾರ್ವೆಲ್ ಪುಸ್ತಕಗಳನ್ನು ಭಾರತದಲ್ಲಿ ಕಡಿಮೆ ಬೆಲೆಗೆ ಮುದ್ರಿಸುತ್ತಿತ್ತು. ಬೆಂಗಳೂರಿನಲ್ಲಿ ನನ್ನಂಥ ಎಷ್ಟೋ ಜನರ ಕೈಗೆ ಸ್ಪೈಡರ್‌ಮ್ಯಾನ್ ಸಿಕ್ಕಿದ್ದು ಹಾಗೆ, ಮತ್ತು ಹಳೆ ಪುಸ್ತಕದ ಅಂಗಡಿಗಳ ರಾಶಿಯಿಂದ. ಕ್ರಮವಾಗಿ ಓದಲು ಆಗುತ್ತಿರಲಿಲ್ಲ. ಒಂದು ಪುಸ್ತಕದಲ್ಲಿ ಮದುವೆಯಾಗಿರುತ್ತಿತ್ತು, ಇನ್ನೊಂದರಲ್ಲಿ ಕಾಲೇಜು. ಇವರಿಬ್ಬರ ಕಥೆಯನ್ನು ನಾವೇ ತಲೆಯಲ್ಲಿ ಜೋಡಿಸಿಕೊಂಡಿದ್ದೆವು. ಹಾಗೆ ಕಷ್ಟಪಟ್ಟು ಜೋಡಿಸಿಕೊಂಡದ್ದನ್ನು ಯಾರೋ ಬಂದು ನಡೆದೇ ಇಲ್ಲ ಅಂದರೆ ಜಾಸ್ತಿ ನೋವಾಗುತ್ತದೆ.

2024

ಮದುವೆಯಾದ ಪೀಟರ್‌ಗೆ ಓದುಗರಿಲ್ಲ ಅನ್ನುವ ವಾದಕ್ಕೆ ಉತ್ತರ ಮಾರ್ವೆಲ್‌ನಿಂದಲೇ ಬಂತು. 2024ರ ಜನವರಿಯಲ್ಲಿ ಜೊನಾಥನ್ ಹಿಕ್‌ಮನ್ ಬರೆದ, ಮಾರ್ಕೊ ಕೆಕೆಟ್ಟೊ ಚಿತ್ರ ಬಿಡಿಸಿದ 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್' ಶುರುವಾಯಿತು. ಬೇರೆ ಜಗತ್ತಿನ ಕಥೆ, ಮುಖ್ಯ ಮಾಲಿಕೆಗೆ ಸಂಬಂಧವಿಲ್ಲ. ಇಲ್ಲಿಯ ಪೀಟರ್‌ಗೆ ಮೂವತ್ತು ದಾಟಿದೆ, ಗಡ್ಡ ಬಿಟ್ಟಿದ್ದಾನೆ. ಮೇರಿ ಜೇನ್ ಹೆಂಡತಿ. ಎರಡು ಮಕ್ಕಳು. ಜೇಡ ಅವನನ್ನು ಇನ್ನೂ ಕಚ್ಚಿಲ್ಲ. ಬದುಕಿನಲ್ಲಿ ಏನೋ ತಪ್ಪಿಹೋಗಿದೆ ಅನ್ನುವ ಚಡಪಡಿಕೆ ಮಾತ್ರ ಇದೆ. ಮೊದಲ ಸಂಚಿಕೆ ಅಂಗಡಿಗಳಲ್ಲಿ ಮುಗಿದು, ಮತ್ತೆ ಮತ್ತೆ ಮರುಮುದ್ರಣವಾಯಿತು.

ಮದುವೆ ಪೀಟರ್‌ನನ್ನು ಮುದುಕನನ್ನಾಗಿ ಮಾಡುತ್ತದೆ ಅಂದಿದ್ದರಲ್ಲ. ಈ ಪೀಟರ್ ಮೊದಲ ಸಲ ಗೋಡೆ ಹತ್ತುವಾಗ ಇರುವ ಭಯವೂ ಖುಷಿಯೂ 1962ರ ಹುಡುಗನದ್ದೇ. ಕಳೆದುಕೊಳ್ಳಲು ಇವನಿಗೆ ಜಾಸ್ತಿ ಇದೆ, ಅದಕ್ಕೆ ಪ್ರತಿ ನೆಗೆತಕ್ಕೂ ಎದೆ ಹೊಡೆದುಕೊಳ್ಳುತ್ತದೆ.

ಮುಖ್ಯ ಮಾಲಿಕೆಯಲ್ಲಿ ಆ ಮದುವೆ ಇನ್ನೂ ವಾಪಸ್ ಬಂದಿಲ್ಲ. ಆದರೆ ಹಿಕ್‌ಮನ್ ಪುಸ್ತಕದಲ್ಲಿ ಪೀಟರ್ ಮತ್ತು ಮೇರಿ ಜೇನ್‌ಗೆ ಒಬ್ಬ ಮಗ ಇದ್ದಾನೆ, ರಿಚರ್ಡ್. ಅವನ ಜೊತೆ ಒಬ್ಬಳು ಪುಟ್ಟ ಮಗಳು. 2007ರಲ್ಲಿ ಇನ್ನು ಹುಟ್ಟುವುದಿಲ್ಲ ಅಂತ ಹೇಳಿಸಿಕೊಂಡ ಆ ಹುಡುಗಿ ನೆನಪಿರುವವರು ಅವಳ ಚಿತ್ರದ ಮೇಲೆ ಒಂದು ಕ್ಷಣ ಜಾಸ್ತಿ ನಿಲ್ಲುತ್ತಾರೆ. ಮನೆಯವರು ಅವಳನ್ನು ಮೇ ಅಂತ ಕರೆಯುತ್ತಾರೆ.